ವೋಲ್ಟ್, ಆಂಪ್ ಅಳೆದು ಓಮ್ ಮತ್ತು ವ್ಯಾಟ್ ಕಂಡುಹಿಡಿಯುವುದು ಹೇಗೆ: ನಿಧಾನವಾದ ಗೀಸರ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮೊದಲು ಬೇಗ ನೀರು ಕಾಯಿಸುತ್ತಿದ್ದ ಗೀಸರ್ ಈಗ ಅರ್ಧ ಗಂಟೆ ಎಳೆಯುತ್ತಿದೆ ಅಂದರೆ ಸಾಮಾನ್ಯವಾಗಿ ಬರುವ ತೀರ್ಪು ಒಂದೇ: ‘ಕಾಯಿಲ್ ಹೋಗಿದೆ, ಬದಲಾಯಿಸಿ.’ ಬದಲಾಯಿಸಿದ ಮೇಲೂ ನೀರು ಹಾಗೇ ಉಗುರುಬೆಚ್ಚಗೆ ಬಂದರೆ ಆಗ ಬೈಗುಳ ಹೊಸ ಕಾಯಿಲಿಗೆ. ತಪ್ಪು ಕಾಯಿಲಿನದಾ, ಹೊರಗಿಂದ ಬರುವ ವೋಲ್ಟೇಜಿನದಾ, ಗೋಡೆಯೊಳಗಿನ ವೈರಿನದಾ? ಇದನ್ನು ಊಹೆ ಮಾಡಬೇಕಾಗಿಲ್ಲ. ಗೀಸರ್ ಓಡುತ್ತಿರುವಾಗ ಅದಕ್ಕೆ ಸಿಗುವ ವೋಲ್ಟೇಜ್ ಎಷ್ಟು, ಅದು ಎಳೆಯುವ ಕರೆಂಟ್ ಎಷ್ಟು ಎಂಬ ಎರಡು ಸಂಖ್ಯೆ ಸಿಕ್ಕರೆ ಉಳಿದದ್ದೆಲ್ಲ ಗುಣಿಸುವ, ಭಾಗಿಸುವ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲೆ ಬರೆದ ವ್ಯಾಟ್ ಖಾಯಂ ಅಲ್ಲ, ಅದು ವೋಲ್ಟೇಜ್ ಜೊತೆ ಏರಿಳಿಯುತ್ತದೆ. ಕಾಯಿಲಿನ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಮಾತ್ರ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಯಾವಾಗಲೂ ಓಮ್ ಮೊದಲು, ವ್ಯಾಟ್ ಆಮೇಲೆ.

ಬೇಕಾದ ಸೂತ್ರ

ರೋಧ, ಅಂದರೆ ರೆಸಿಸ್ಟೆನ್ಸ್ = ವೋಲ್ಟೇಜ್ ÷ ಕರೆಂಟ್. ಉತ್ತರ ಓಮ್‌ನಲ್ಲಿ.

ಪವರ್ = ವೋಲ್ಟೇಜ್ × ಕರೆಂಟ್. ಉತ್ತರ ವ್ಯಾಟ್‌ನಲ್ಲಿ.

ಮೊದಲನೆಯದು ಜರ್ಮನಿಯ ಮೇಷ್ಟ್ರು ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತೇವೆ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೇವೆ. ಇವೆರಡನ್ನು ಸೇರಿಸಿದರೆ ಇನ್ನೆರಡು ಹುಟ್ಟುತ್ತವೆ:

ಪವರ್ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಪವರ್ = ಕರೆಂಟ್ × ಕರೆಂಟ್ × ರೋಧ

ಎರಡೂ ಒಂದೇ ಲೆಕ್ಕ. ಆದರೂ ಒಂದೊಂದಕ್ಕೆ ಒಂದೊಂದು ಜಾಗ ಇದೆ. ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಉಪಕರಣಕ್ಕೆ ವೋಲ್ಟೇಜ್ ಇರುವ ಸೂತ್ರ ಅನುಕೂಲ. ವೈರು, ಜಾಯಿಂಟು, ಪ್ಲಗ್ ಪಿನ್ನಿಗೆ ಕರೆಂಟ್ ಇರುವ ಸೂತ್ರ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಘಟಕದ ಬಗ್ಗೆ ಹುಷಾರು. ಮೀಟರ್ 350 ಮಿಲಿಆಂಪ್ ತೋರಿಸಿದರೆ ಸೂತ್ರಕ್ಕೆ ಹಾಕಬೇಕಾದ್ದು 0.35. ಉತ್ತರ ಸಾವಿರ ಪಟ್ಟು ತಪ್ಪಿ ಬಂದಿದೆ ಅಂದರೆ ಮುಕ್ಕಾಲು ಪಾಲು ಕಾರಣ ಇದೇ.

ಹಂತ 1: ಲೇಬಲ್ಲಿನಿಂದ ‘ಇರಬೇಕಾದ’ ಓಮ್ ತೆಗೆಯಿರಿ

ಗೀಸರಿನ ಪಕ್ಕದಲ್ಲಿ 2000 ವ್ಯಾಟ್, 230 ವೋಲ್ಟ್ ಅಂತ ಇದೆ ಎಂದುಕೊಳ್ಳೋಣ. ನಮ್ಮ ದೇಶದಲ್ಲಿ ಮನೆಯ ಸಿಂಗಲ್ ಫೇಸ್ ಸರಬರಾಜಿಗೆ ನಿಗದಿ ಮಾಡಿರುವುದು 230 ವೋಲ್ಟ್, 50 ಹರ್ಟ್ಜ್. ಅಲ್ಲಿ ನಿಜವಾಗಿ ಎಷ್ಟು ಬರುತ್ತದೆ ಎಂಬುದು ಬೇರೆ ಕಥೆ.

ಕರೆಂಟ್ = 2000 ÷ 230 = 8.7 ಆಂಪ್.

ರೋಧ = 230 ÷ 8.7 = ಸುಮಾರು 26.5 ಓಮ್.

8.7 ಆಂಪ್ ಅಂದರೆ ಸಣ್ಣ 6 ಆಂಪ್ ಪ್ಲಗ್ಗಿನಲ್ಲಿ ಇದನ್ನು ಓಡಿಸುವಂತಿಲ್ಲ, 16 ಆಂಪಿನ ದಪ್ಪ ಪಿನ್ನೇ ಬೇಕು. ಕನ್ವರ್ಷನ್ ಪ್ಲಗ್ ಹಾಕಿ ಸಣ್ಣ ಸಾಕೆಟ್ಟಿಗೆ ಚುಚ್ಚುವವರು ಈ ಒಂದು ಭಾಗಾಕಾರ ಮಾಡಿ ನೋಡಿದರೆ ಸಾಕು.

26.5 ಓಮ್ ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ಎಲ್ಲವನ್ನೂ ಅದಕ್ಕೆ ಹೋಲಿಸಿ ನೋಡುತ್ತೇವೆ. ತಯಾರಿಕೆಯಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. 25ರಿಂದ 29ರ ಒಳಗೆ ಇದ್ದರೆ ಕಾಯಿಲ್ ಆರೋಗ್ಯವಾಗಿದೆ ಅಂದುಕೊಳ್ಳಬಹುದು.

ಹಂತ 2: 12 ವೋಲ್ಟ್‌ನಲ್ಲಿ ಕೈ ಪಳಗಿಸಿ

ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ನೇರವಾಗಿ 230 ವೋಲ್ಟಿಗೆ ಕೈ ಹಾಕಬೇಡಿ. ಬೈಕ್ ಅಥವಾ ಕಾರಿನ 12 ವೋಲ್ಟ್ ಬ್ಯಾಟರಿ, 21 ವ್ಯಾಟಿನ ಇಂಡಿಕೇಟರ್ ಬಲ್ಬು, ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಎಲ್‌ಇಡಿ ಅಲ್ಲ, ಹಳೆಯ ತಂತಿ ಬಲ್ಬೇ ಬೇಕು.

ವೋಲ್ಟೇಜ್ ಅಳೆಯುವುದು ಸುಲಭ. ಡಿಸಿ ವೋಲ್ಟ್‌ಗೆ ತಿರುಗಿಸಿ, ಬಲ್ಬ್ ಉರಿಯುತ್ತಿರುವಾಗ ಅದರ ಎರಡು ತುದಿಗೆ ಎರಡು ಕಡ್ಡಿ ಮುಟ್ಟಿಸಿ. ಕರೆಂಟ್ ಅಳೆಯುವುದೇ ಎಡವಟ್ಟಿನ ಜಾಗ. ಕರೆಂಟ್ ಮೀಟರಿನ ಒಳಗಿಂದಲೇ ಹರಿದು ಹೋಗಬೇಕು. ಅದಕ್ಕೆ ಒಂದು ವೈರನ್ನು ಬಿಚ್ಚಿ, ಬಿಚ್ಚಿದ ಜಾಗದಲ್ಲಿ ಮೀಟರನ್ನು ಕೂರಿಸಬೇಕು. ಕೆಂಪು ಕಡ್ಡಿ 10 ಆಂಪ್ ತೂತಿನಲ್ಲಿರಬೇಕು. ಅಳತೆ ಮುಗಿದ ತಕ್ಷಣ ಅದನ್ನು ಮತ್ತೆ ವೋಲ್ಟ್ ತೂತಿಗೆ ಬದಲಾಯಿಸಿ. ಆಂಪ್ ತೂತಿನಲ್ಲಿದ್ದಾಗ ಮೀಟರ್ ಬರೀ ಒಂದು ದಪ್ಪ ತಂತಿಯಂತೆ ವರ್ತಿಸುತ್ತದೆ. ಹಾಗೇ ಬಿಟ್ಟು ಬ್ಯಾಟರಿಗೋ ಸಾಕೆಟ್ಟಿಗೋ ಕಡ್ಡಿ ಮುಟ್ಟಿಸಿದರೆ ನೇರ ಶಾರ್ಟ್ ಸರ್ಕ್ಯೂಟ್. ಬ್ಯಾಟರಿಯಲ್ಲಾದರೆ ಕಿಡಿ ಹಾರಿ ಫ್ಯೂಸ್ ಹೋಗುತ್ತದೆ. ಮನೆಯ ಸಾಕೆಟ್ಟಿನಲ್ಲಿ ಅಗ್ಗದ ಮೀಟರ್ ಕೈಯಲ್ಲೇ ಸಿಡಿಯಬಹುದು.

ಮೀಟರ್ 12.3 ವೋಲ್ಟ್, 1.78 ಆಂಪ್ ತೋರಿಸಿತು ಅನ್ನೋಣ. ರೋಧ 12.3 ÷ 1.78 = 6.9 ಓಮ್. ಪವರ್ 12.3 × 1.78 = 21.9 ವ್ಯಾಟ್. ಲೇಬಲ್ಲಿನ 21ಕ್ಕೆ ಹತ್ತಿರ ಇದೆ, ಅಲ್ವಾ?

ಈಗ ಬಲ್ಬ್ ತೆಗೆದು, ತಣ್ಣಗಾಗಲು ಬಿಟ್ಟು, ಮೀಟರನ್ನು ಓಮ್‌ಗೆ ತಿರುಗಿಸಿ ಅದೇ ಬಲ್ಬಿನ ರೋಧ ಅಳೆಯಿರಿ. 6.9 ಬರುವುದಿಲ್ಲ. ಮೀಟರ್ ಕಡ್ಡಿಗಳ ರೋಧವೂ ಸೇರಿ 1 ಓಮಿನ ಆಸುಪಾಸು ಬರುತ್ತದೆ. ಮೀಟರ್ ಕೆಟ್ಟಿಲ್ಲ, ಸೂತ್ರವೂ ಸುಳ್ಳಲ್ಲ. ಟಂಗ್‌ಸ್ಟನ್ ತಂತಿ ಬಿಳಿ ಕಾವಿಗೆ ಬಂದಾಗ ಅದರ ರೋಧ ತಣ್ಣಗಿದ್ದಾಗಿನ ಹತ್ತು ಪಟ್ಟಿಗೂ ಜಾಸ್ತಿ ಆಗುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲೇ ಬಲ್ಬ್ ‘ಟಪ್’ ಅಂತ ಹೋಗುವುದಕ್ಕೂ ಇದೇ ಕಾರಣ. ತಣ್ಣಗಿನ ತಂತಿ ಆ ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಗೀಸರಿನ ಕಾಯಿಲ್ ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ನೈಕ್ರೋಮ್. ಇದರ ರೋಧ ಬಿಸಿಗೆ ಬಹಳ ಕಡಿಮೆ ಬದಲಾಗುತ್ತದೆ. ಅದಕ್ಕೇ ತಣ್ಣಗಿದ್ದಾಗ ಅಳೆದ ಓಮ್ ಬಿಸಿಯಲ್ಲೂ ಕೆಲಸಕ್ಕೆ ಬರುತ್ತದೆ. ತಣ್ಣಗಿದ್ದಾಗ ಓಮ್ ಅಳೆದು ವ್ಯಾಟ್ ಲೆಕ್ಕ ಹಾಕುವುದು ಗೀಸರಿಗೆ ನಡೆಯುತ್ತದೆ, ಬಲ್ಬಿಗೆ ನಡೆಯುವುದಿಲ್ಲ.

ಹಂತ 3: ಗೀಸರನ್ನು ಆಫ್ ಮಾಡಿ ಅಳೆಯಿರಿ

ಮೊದಲು ಎಂಸಿಬಿ ಇಳಿಸಿ. ಗೀಸರಿನ ಪ್ಲಗ್ ಕಿತ್ತು ಕೈಗೆ ತೆಗೆದುಕೊಳ್ಳಿ. ನೀರು ತಣ್ಣಗಿರಲಿ, ಥರ್ಮೋಸ್ಟಾಟ್ ತಿರುಪು ಪೂರ್ತಿ ಏರಿಸಿರಲಿ, ಇಲ್ಲದಿದ್ದರೆ ಒಳಗಿನ ಸ್ವಿಚ್ ತೆರೆದುಕೊಂಡಿರುತ್ತದೆ.

ಮಲ್ಟಿಮೀಟರನ್ನು 200 ಓಮ್‌ಗೆ ತಿರುಗಿಸಿ. ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗಲೂ ಸೊನ್ನೆ ಬರುವುದಿಲ್ಲ, 0.3 ಅಂಥದ್ದೇನೋ ಬರುತ್ತದೆ. ಅದು ಕಡ್ಡಿ ಮತ್ತು ವೈರಿನ ರೋಧ. ಅದನ್ನು ನಂತರ ಕಳೆಯಬೇಕು. ಈಗ ಪ್ಲಗ್ಗಿನ ಕೆಳಗಿನ ಎರಡು ಸಣ್ಣ ಪಿನ್‌ಗಳ ನಡುವೆ ಅಳೆಯಿರಿ. 26.8 ಬಂದರೆ 0.3 ಕಳೆದು 26.5. ಕಾಯಿಲಿಗೆ ಏನೂ ಆಗಿಲ್ಲ.

ಮೀಟರ್ ಏನೂ ತೋರಿಸದೆ ಬರೀ 1 ಅಥವಾ ಒಎಲ್ ಅಂದರೆ ದಾರಿ ಎಲ್ಲೋ ಕಡಿದಿದೆ. ಕಾಯಿಲ್ ಇರಬಹುದು, ಥರ್ಮೋಸ್ಟಾಟ್ ಅಥವಾ ಸುರಕ್ಷತೆಯ ಕಟೌಟ್ ಕೂಡ ಇರಬಹುದು. ಕಟೌಟ್ ಆಗಿದ್ದರೆ ಒಂದು ಗುಂಡಿ ಒತ್ತಿದರೆ ಮುಗಿಯುವ ರಿಪೇರಿ. ಅದಕ್ಕೆ ಹೊಸ ಕಾಯಿಲಿನ ದುಡ್ಡು ಕೊಡುವುದು ಯಾಕೆ?

ಇನ್ನೊಂದು ಅಳತೆ ಬಿಡಬೇಡಿ: ಮೀಟರನ್ನು ಅತಿ ದೊಡ್ಡ ಓಮ್ ಸೆಟ್ಟಿಂಗಿಗೆ ತಿರುಗಿಸಿ, ಮೇಲಿನ ದಪ್ಪ ಅರ್ತ್ ಪಿನ್ನಿಗೂ ಕೆಳಗಿನ ಒಂದೊಂದು ಪಿನ್ನಿಗೂ ನಡುವೆ. ಅಲ್ಲಿ ಏನೂ ಬರಬಾರದು. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಮನೆಯಲ್ಲಿ 230 ÷ 0.03, ಅಂದರೆ 7,667 ಓಮಿಗಿಂತ ಕಡಿಮೆ ರೋಧದ ಸೋರಿಕೆ ಇದ್ದರೆ ಅದು ಟ್ರಿಪ್ ಆಗಲೇಬೇಕು. ಗೀಸರ್ ಹಾಕಿದಾಗಲೆಲ್ಲ ಮನೆ ಕತ್ತಲಾದರೆ ಈ ಪಿನ್‌ಗಳನ್ನೇ ಮೊದಲು ನೋಡಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಬೇಡಿ, ದಯವಿಟ್ಟು.

ಬೋರ್‌ವೆಲ್ ಗಡಸು ನೀರಿನ ಊರುಗಳಲ್ಲಿ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ‘ಪದರ ಕಟ್ಟಿದೆ, ಅದಕ್ಕೇ ಕರೆಂಟ್ ಎಳೆಯುತ್ತಿಲ್ಲ’ ಎಂಬ ಮಾತು ಕೇಳಿರಬಹುದು. ಪದರ ಇರುವುದು ಲೋಹದ ಕೊಳವೆಯ ಹೊರಗೆ, ತಂತಿ ಇರುವುದು ಒಳಗೆ. ಓಮ್ ಬದಲಾಗುವುದಿಲ್ಲ, ವ್ಯಾಟೂ ಬದಲಾಗುವುದಿಲ್ಲ. ಪದರದಿಂದ ಆಗುವ ಕೇಡು ಬೇರೆ: ಕಾಯಿಲ್ ಒಳಗೊಳಗೇ ಜಾಸ್ತಿ ಬಿಸಿಯಾಗಿ ಬೇಗ ಸುಟ್ಟುಹೋಗುತ್ತದೆ.

ಹಂತ 4: ಓಡುತ್ತಿರುವಾಗ ಅಳೆಯಿರಿ

ಇಲ್ಲಿ ಕಡ್ಡಿ ಹಿಡಿದು ಸಾಹಸ ಬೇಡ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಚುಚ್ಚುವ ಪವರ್ ಮೀಟರ್ ಸಿಗುತ್ತದೆ. ವೋಲ್ಟ್, ಆಂಪ್, ವ್ಯಾಟ್ ಮೂರನ್ನೂ ತೋರಿಸುತ್ತದೆ. 16 ಆಂಪಿನದೇ ತೆಗೆದುಕೊಳ್ಳಿ. 10 ಆಂಪಿನದು 2000 ವ್ಯಾಟಿಗೆ ತೀರಾ ಅಂಚಿನಲ್ಲಿರುತ್ತದೆ.

ಎಲೆಕ್ಟ್ರಿಷಿಯನ್ ಬಂದರೆ ಅವರ ಹತ್ತಿರ ಕ್ಲ್ಯಾಂಪ್ ಮೀಟರ್ ಇರುತ್ತದೆ. ಅದರ ದವಡೆಯೊಳಗೆ ಒಂದೇ ವೈರ್ ಇರಬೇಕು. ಗೀಸರಿನ ಇಡೀ ಕೇಬಲನ್ನು ಹಿಡಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಡಿಬಿ ಬಾಕ್ಸಿನಲ್ಲಿ, ಅಂದರೆ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯಲ್ಲಿ, ಎಂಸಿಬಿಯಿಂದ ಹೊರಡುವ ಫೇಸ್ ವೈರ್ ಒಂದನ್ನೇ ಹಿಡಿಯುವುದು ಸರಿಯಾದ ಕ್ರಮ.

ಫ್ರಿಜ್, ಪಂಪು, ಇಸ್ತ್ರಿಪೆಟ್ಟಿಗೆ ಎಲ್ಲ ಆಫ್ ಮಾಡಿ ಎರಡು ಸಲ ಓದಿ: ಗೀಸರ್ ಸ್ವಿಚ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ. ಈ ಎರಡನೇ ಅಳತೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದೆ ಅರ್ಧ ಸತ್ಯ ಮಾತ್ರ ಸಿಗುತ್ತದೆ.

ಉದಾಹರಣೆಗೆ ಹೀಗೆ ಬಂತು ಅನ್ನೋಣ: ಆಫ್ ಇದ್ದಾಗ 212 ವೋಲ್ಟ್, ಆನ್ ಮಾಡಿದಾಗ 196 ವೋಲ್ಟ್ ಮತ್ತು 7.4 ಆಂಪ್.

ರೋಧ = 196 ÷ 7.4 = 26.5 ಓಮ್. ಕಾಯಿಲ್ ನಿರಪರಾಧಿ.

ಪವರ್ = 196 × 7.4 = 1450 ವ್ಯಾಟ್. 2000 ಅಂತ ಕೊಂಡ ಗೀಸರ್ ಕೆಲಸ ಮಾಡುತ್ತಿರುವುದು 1450ರಲ್ಲಿ.

ವೋಲ್ಟೇಜ್ ಶೇ. 15ರಷ್ಟು ಮಾತ್ರ ಕಡಿಮೆ. ಪವರ್ ಶೇ. 27ಕ್ಕೂ ಜಾಸ್ತಿ ಕಡಿಮೆ. ವೋಲ್ಟೇಜನ್ನು ಅದರಿಂದಲೇ ಗುಣಿಸಬೇಕಲ್ಲ, ಅದಕ್ಕೆ ಪೆಟ್ಟು ಎರಡೆರಡು ಸಲ ಬೀಳುತ್ತದೆ. ಅದೇ 26.5 ಓಮ್ ಕಾಯಿಲ್ 210 ವೋಲ್ಟಿನಲ್ಲಿ ಸುಮಾರು 1665 ವ್ಯಾಟ್ ಕೊಡುತ್ತದೆ, 180ರಲ್ಲಿ 1225 ಮಾತ್ರ. ರಾತ್ರಿ 250ಕ್ಕೆ ಏರಿದರೆ 2360.

ಇದನ್ನು ನಿಮಿಷಕ್ಕೆ ತಿರುಗಿಸೋಣ. 15 ಲೀಟರ್ ನೀರನ್ನು 22ರಿಂದ 55 ಡಿಗ್ರಿಗೆ ಏರಿಸಬೇಕು. ಒಂದು ಲೀಟರಿಗೆ ಒಂದು ಡಿಗ್ರಿ ಏರಿಸಲು ಸುಮಾರು 4186 ಜೂಲ್ ಬೇಕು. 15 × 33 × 4186 = ಸುಮಾರು 20.7 ಲಕ್ಷ ಜೂಲ್. ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್. 2000ದಿಂದ ಭಾಗಿಸಿದರೆ 17 ನಿಮಿಷ, 1450ರಿಂದ ಭಾಗಿಸಿದರೆ 24 ನಿಮಿಷ.

ಹಂತ 5: ಕಾಣೆಯಾದ 16 ವೋಲ್ಟ್ ಹುಡುಕಿ

ಗೀಸರ್ ಹಾಕಿದ ಕೂಡಲೇ 212 ಇದ್ದದ್ದು 196 ಆಯಿತು. ಈ 16 ವೋಲ್ಟ್ ದಾರಿಯಲ್ಲಿ, ವೈರಿನಲ್ಲೇ ಖರ್ಚಾಗಿದೆ. ದಾರಿಯ ರೋಧ ಎಷ್ಟು? ಅದೇ ಸೂತ್ರ: 16 ÷ 7.4 = 2.16 ಓಮ್. ಇಷ್ಟು ಸಣ್ಣ ರೋಧವನ್ನು ಮಲ್ಟಿಮೀಟರಿನ ಓಮ್ ಸೆಟ್ಟಿಂಗಿನಲ್ಲಿ ಸರಿಯಾಗಿ ಹಿಡಿಯುವುದು ಕಷ್ಟ, ಅದೂ ಗೋಡೆಯೊಳಗಿನ ವೈರಿನದು. ಕರೆಂಟ್ ಹರಿಸಿ, ವೋಲ್ಟೇಜ್ ಎಷ್ಟು ಕುಸಿಯಿತು ಅಂತ ನೋಡುವುದೇ ಒಳ್ಳೆಯ ವಿಧಾನ.

ಮುಂದಿನ ಪ್ರಶ್ನೆ, ಕುಸಿದದ್ದು ಬೀದಿಯಲ್ಲೋ ಮನೆಯೊಳಗೋ? ಬಹಳಷ್ಟು ಡಿಜಿಟಲ್ ವಿದ್ಯುತ್ ಮೀಟರ್‌ಗಳ ಪರದೆಯಲ್ಲಿ ಯೂನಿಟ್ ಜೊತೆಗೆ ವೋಲ್ಟೇಜ್, ಕರೆಂಟ್ ಕೂಡ ಸರದಿಯಲ್ಲಿ ಬರುತ್ತವೆ. ಸುಮ್ನೆ ನಿಂತು ನೋಡಿದರೆ ಸಾಕು, ಏನನ್ನೂ ಮುಟ್ಟಬೇಕಿಲ್ಲ. ಅಲ್ಲಿ ಗೀಸರ್ ಆಫ್ ಇದ್ದಾಗ 212, ಆನ್ ಆದಾಗ 207 ಬಂತು ಅನ್ನೋಣ. ಹಾಗಾದರೆ 5 ವೋಲ್ಟ್ ಹೊರಗೆ ಹೋಯಿತು, ಉಳಿದ 11 ವೋಲ್ಟ್ ಮನೆಯೊಳಗೇ.

11 ಜಾಸ್ತಿಯಾ? ತಾಮ್ರದ ವೈರಿಗೆ ಒಂದು ಸುಲಭ ಲೆಕ್ಕ ಇದೆ:

ವೈರಿನ ರೋಧ = 0.0175 × ಮೀಟರಿನಲ್ಲಿ ಉದ್ದ ÷ ಸ್ಕ್ವೇರ್ ಎಂಎಂನಲ್ಲಿ ದಪ್ಪ

ಮೀಟರ್ ಬೋರ್ಡಿನಿಂದ ಬಾತ್‌ರೂಮಿಗೆ 20 ಮೀಟರ್ ಇದ್ದರೆ ಉದ್ದ 40 ಅಂತ ಹಾಕಿ. ಹೋಗಲು ಫೇಸ್, ಬರಲು ನ್ಯೂಟ್ರಲ್. 2.5 ಸ್ಕ್ವೇರ್ ಎಂಎಂ ವೈರಾದರೆ 0.28 ಓಮ್. 7.4 ಆಂಪಿಗೆ ಬರೀ 2 ವೋಲ್ಟ್ ಕುಸಿಯಬೇಕು. ಹಳೆಯ ಮನೆ, ದುಡ್ಡು ಉಳಿಸಲು 1 ಸ್ಕ್ವೇರ್ ಎಂಎಂ ಎಳೆದಿದ್ದಾರೆ ಎಂದರೂ 0.7 ಓಮ್, 5.2 ವೋಲ್ಟ್. 11ಕ್ಕೆ ಇನ್ನೂ 5.8 ವೋಲ್ಟಿನ ಲೆಕ್ಕ ಸಿಗುತ್ತಿಲ್ಲ. ಅದು ಎಲ್ಲೋ ಒಂದು ಸಡಿಲ ತಿರುಪಿನಲ್ಲಿ, ಸುಟ್ಟ ಸಾಕೆಟ್ಟಿನಲ್ಲಿ, ಟೇಪ್ ಸುತ್ತಿದ ಜಾಯಿಂಟಿನಲ್ಲಿ ಕೂತಿದೆ.

5.8 × 7.4 = 43 ವ್ಯಾಟ್. ರೇಡಿಯೋ ರಿಪೇರಿಯವರ ಸಾಮಾನ್ಯ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂಥ ಒಂದೂವರೆ ಬೆಸುಗೆ ಕಡ್ಡಿಗಿಂತ ಜಾಸ್ತಿ ಬಿಸಿ ನಿಮ್ಮ ಗೋಡೆಯ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ದಿನಾ ಬೆಳಿಗ್ಗೆ ಹುಟ್ಟುತ್ತಿದೆ. ಗೀಸರ್ ಓಡಿ ಹತ್ತು ನಿಮಿಷದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು ಅದರ ಪಿನ್ ಹತ್ತಿರ ಬೆರಳಿಟ್ಟು ನೋಡಿ. ಒಂದು ಪಿನ್ ಮಾತ್ರ ಸುಡುತ್ತಿದ್ದರೆ, ಪಕ್ಕದ ಪ್ಲಾಸ್ಟಿಕ್ ಕಂದಿದ್ದರೆ, ಕಳ್ಳ ಸಿಕ್ಕ.

ಕರೆಂಟಿನ ಸೂತ್ರ ವೈರಿಗೆ ಅಂತ ಹೇಳಿದ್ದು ಇದಕ್ಕೇ. ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು. ಇದನ್ನು ತಿಳಿದೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಹತ್ತಾರು ಸಾವಿರ ವೋಲ್ಟ್‌ನಲ್ಲಿ ಕಳಿಸಿದರು. ಒಂದು ಸಾವಿರ ಕಿಲೋವ್ಯಾಟನ್ನು 230 ವೋಲ್ಟಿನಲ್ಲಿ ಕಳಿಸಲು 4,348 ಆಂಪ್ ಬೇಕು. 30,000 ವೋಲ್ಟಿನಲ್ಲಿ ಸುಮಾರು 33 ಆಂಪ್ ಸಾಕು. ಕರೆಂಟ್ 130 ಪಟ್ಟು ಕಡಿಮೆ, ಹಾಗಾಗಿ ಅದೇ ತಂತಿಯಲ್ಲಿ ನಷ್ಟ ಸುಮಾರು 17 ಸಾವಿರ ಪಟ್ಟು ಕಡಿಮೆ.

ಮತ್ತೆ ಬಾತ್‌ರೂಮಿಗೆ. ವೈರನ್ನು 2.5 ಮಾಡಿ, ಜಾಯಿಂಟ್ ಸರಿಪಡಿಸಿದರೆ ಇದೇ ಗೀಸರ್ ಸುಮಾರು 1580 ವ್ಯಾಟಿಗೆ ಬರುತ್ತದೆ. 24 ನಿಮಿಷ ಇದ್ದದ್ದು 22 ಆಗುತ್ತದೆ. ಅಷ್ಟೇನಾ ಅನ್ನಬಹುದು. ಹೌದು, ಅಷ್ಟೇ. ಈ ಮನೆಯಲ್ಲಿ ನೀರು ನಿಧಾನವಾಗಲು ದೊಡ್ಡ ಕಾರಣ ಹೊರಗಿಂದಲೇ ಕಡಿಮೆ ಬರುತ್ತಿರುವ ವೋಲ್ಟೇಜ್. ಅದಕ್ಕೆ ಎಸ್ಕಾಂಗೆ (ವಿದ್ಯುತ್ ಸರಬರಾಜು ಕಂಪನಿಗೆ) ದೂರು ಕೊಡಬೇಕು. ಬಿಲ್ಲಿನಲ್ಲೂ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ಒಳಗೆ ಪೋಲಾಗುತ್ತಿದ್ದದ್ದು 11 × 7.4, ಅಂದರೆ 81 ವ್ಯಾಟ್. ದಿನಕ್ಕೆ 24 ನಿಮಿಷಕ್ಕೆ ಅದು 0.03 ಯೂನಿಟ್. ಜಾಯಿಂಟ್ ರಿಪೇರಿ ಮಾಡಿಸುವುದು ದುಡ್ಡಿಗಲ್ಲ, ಬೆಂಕಿಯ ಭಯಕ್ಕೆ.

ಹಂತ 6: ಮೀಟರಿನ ಕೆಂಪು ದೀಪದಿಂದ ತಾಳೆ ನೋಡಿ

ಯಾವ ಉಪಕರಣವೂ ಇಲ್ಲದೆ ವ್ಯಾಟ್ ಅಳೆಯುವ ದಾರಿ ಇದು. ವಿದ್ಯುತ್ ಮೀಟರಿನ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. 3200 ಇದೆ ಅನ್ನೋಣ. ಬೇರೆಲ್ಲ ಆಫ್ ಮಾಡಿ, ಗೀಸರ್ ಮಾತ್ರ ಹಾಕಿ, 20 ಮಿಣುಕಿಗೆ ಎಷ್ಟು ಸೆಕೆಂಡ್ ಅಂತ ಫೋನಿನಲ್ಲಿ ನೋಡಿ. ಮೊದಲ ಮಿಣುಕನ್ನು ಸೊನ್ನೆ ಅಂತ ಎಣಿಸಬೇಕು, ನೆನಪಿರಲಿ.

ವ್ಯಾಟ್ = 36,00,000 × ಮಿಣುಕು ÷ (3200 × ಸೆಕೆಂಡ್)

14.7 ಸೆಕೆಂಡ್ ಬಂದರೆ ಸುಮಾರು 1530 ವ್ಯಾಟ್. ನಮ್ಮ 1450ಕ್ಕೆ ಮನೆಯೊಳಗಿನ 81 ಕೂಡಿಸಿ ನೋಡಿ. ಲೆಕ್ಕ ತಾಳೆ ಆಯಿತು.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ

ಫ್ಯಾನು, ಫ್ರಿಜ್ಜು, ಪಂಪ್‌ಸೆಟ್, ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್. ಇಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ, ಆದರೆ ಅದು ತಂತಿಯ ರೋಧ ಅಲ್ಲ. ಓಡುವ 1 ಎಚ್‌ಪಿ ಮೋಟರಿನಲ್ಲಿ 230 ÷ 6 ಮಾಡಿದರೆ 38 ಓಮ್ ಬರುತ್ತದೆ. ನಿಲ್ಲಿಸಿ, ಕರೆಂಟ್ ಕಿತ್ತು ಸುತ್ತುತಂತಿ ಅಳೆದರೆ ಕೆಲವೇ ಓಮ್ ಇರುತ್ತದೆ. ಉಳಿದದ್ದು ಮೋಟರ್ ತಿರುಗುವಾಗ ಅದರ ಕಾಂತಕ್ಷೇತ್ರ ಒಡ್ಡುವ ತಡೆ.

ವ್ಯಾಟಿಗೂ ಇನ್ನೊಂದು ಗುಣಾಕಾರ ಬೇಕು, ಪವರ್ ಫ್ಯಾಕ್ಟರ್. ವೋಲ್ಟ್ × ಆಂಪಿನಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅಂತ ಅದು ಹೇಳುತ್ತದೆ. ತ್ರೀ ಫೇಸ್ ಆದರೆ 3ರ ವರ್ಗಮೂಲ 1.732ರಿಂದಲೂ ಗುಣಿಸಬೇಕು. ತೋಟದ 5 ಎಚ್‌ಪಿ ತ್ರೀ ಫೇಸ್ ಪಂಪು 415 ವೋಲ್ಟಿನಲ್ಲಿ ಒಂದೊಂದು ಫೇಸಿಗೆ 8 ಆಂಪ್ ಎಳೆಯುತ್ತಿದೆ, ಪವರ್ ಫ್ಯಾಕ್ಟರ್ 0.85 ಅನ್ನೋಣ. 1.732 × 415 × 8 × 0.85 = ಸುಮಾರು 4890 ವ್ಯಾಟ್. 5 ಎಚ್‌ಪಿ ಅಂದರೆ 5 × 746 = 3730 ವ್ಯಾಟ್ ತಾನೇ ಅಂತ ಕೇಳಬಹುದು. ಅದು ಶಾಫ್ಟಿನಲ್ಲಿ ಸಿಗುವ ಕೆಲಸ. ವ್ಯತ್ಯಾಸ ಮೋಟರಿನ ಒಳಗೆ ಬಿಸಿಯಾಗಿ ಹೋಗುತ್ತದೆ.

ವೋಲ್ಟೇಜ್ ಕುಸಿದಾಗ ಗೀಸರ್ ಕಡಿಮೆ ಕರೆಂಟ್ ಎಳೆದು ಸುಮ್ಮನಿರುತ್ತದೆ. ಮೋಟರ್ ಹಾಗಲ್ಲ. ಅಷ್ಟೇ ನೀರನ್ನು ಎತ್ತಬೇಕಾದ್ದರಿಂದ ಜಾಸ್ತಿ ಎಳೆಯುತ್ತದೆ. 8 ಆಂಪ್ ಇದ್ದದ್ದು 10 ಆದರೆ ಸುತ್ತುತಂತಿಯ ಬಿಸಿ ಒಂದೂವರೆ ಪಟ್ಟಿಗೂ ಜಾಸ್ತಿ. ಬೇಸಿಗೆಯಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿನ ಪಂಪುಗಳೆಲ್ಲ ಒಟ್ಟಿಗೆ ಓಡಿದಾಗ ಮೋಟರ್ ಸುಡುವುದಕ್ಕೆ ಇದು ದೊಡ್ಡ ಕಾರಣ. ಆದ್ದರಿಂದ ಪಂಪಿಗೆ ಓಮ್ ಲೆಕ್ಕ ಬಿಟ್ಟು, ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟರಿನ ಫಲಕದಲ್ಲಿ ಬರೆದ ಆಂಪಿಗೆ ಸರಿಯಾಗಿ ಹೊಂದಿಸಿ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಅದರ ತಿರುಪನ್ನು ಮೇಲಕ್ಕೆ ತಿರುಗಿಸುವ ಮೊದಲು, ಮೂರೂ ಫೇಸಿನ ವೋಲ್ಟೇಜ್ ಅಳೆಸಿ.